ಅಡುಗೆಯವನೇ ಆರಿಸಿ ಕೊಟ್ಟ ಅಗುಳು

2016ರ ಏಪ್ರಿಲ್‌ನಲ್ಲಿ ಶಾರುಖ್ ಖಾನ್ ಅವರ ‘ಫ್ಯಾನ್’ ತೆರೆಕಂಡಾಗ ಮಹಾರಾಷ್ಟ್ರದ ಶಿಕ್ಷಕಿಯೊಬ್ಬರು ಮಕ್ಕಳನ್ನು ಕರೆದುಕೊಂಡು ಥಿಯೇಟರಿಗೆ ಹೋದರು. ಪ್ರೋಮೊಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ಜಬ್ರಾ ಫ್ಯಾನ್’ ಹಾಡಿನ ಮೇಲೆ ಎಲ್ಲರ ಕಣ್ಣು. ಸಿನಿಮಾ ಮುಗಿದು ದೀಪ ಹತ್ತಿದರೂ ಹಾಡು ಬರಲಿಲ್ಲ. ಅದನ್ನು ಪ್ರಚಾರಕ್ಕೆ ಮಾತ್ರ ಬಳಸಿದ್ದರು, ಚಿತ್ರದಲ್ಲಿ ಇಟ್ಟಿರಲೇ ಇಲ್ಲ. ಮುನಿಸಿಕೊಂಡ ಮಕ್ಕಳು ಆ ರಾತ್ರಿ ಊಟ ಬಿಟ್ಟರು, ಆಸಿಡಿಟಿ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು ಎಂದು ಆಕೆ ಗ್ರಾಹಕ ವೇದಿಕೆಯ ಮೆಟ್ಟಿಲು ಹತ್ತಿದರು.

ಜಿಲ್ಲಾ ವೇದಿಕೆ ದೂರನ್ನು ತಳ್ಳಿಹಾಕಿತು. ರಾಜ್ಯ ಆಯೋಗ ಮಾತ್ರ ₹10,000 ಪರಿಹಾರ, ಮೇಲೆ ₹5,000 ವ್ಯಾಜ್ಯದ ಖರ್ಚು ಕೊಡಿ ಎಂದು ನಿರ್ಮಾಣ ಸಂಸ್ಥೆಗೆ ಹೇಳಿತು. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು. ಅಷ್ಟು ಸಣ್ಣ ಮೊತ್ತದ ಜಗಳ ದೆಹಲಿಯವರೆಗೂ ಹೋಯಿತು. 2024ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಅರವಿಂದ್ ಕುಮಾರ್ ಆ ಆದೇಶಗಳನ್ನು ರದ್ದು ಮಾಡಿದರು. ಟ್ರೇಲರ್ ಎಂಬುದು ಟಿಕೆಟ್ ಕೊಳ್ಳಲು ಹುರಿದುಂಬಿಸುವ ಏಕಪಕ್ಷೀಯ ಪ್ರಚಾರ, ಅದರಲ್ಲಿ ಕಂಡದ್ದೆಲ್ಲ ಸಿನಿಮಾದಲ್ಲಿ ಇರಬೇಕೆಂಬ ಕರಾರು ಹುಟ್ಟುವುದಿಲ್ಲ ಎಂಬುದು ತೀರ್ಪಿನ ತಿರುಳು.

ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. ‘ಯೆಸ್ಟರ್‌ಡೇ’ (2019) ಟ್ರೇಲರ್‌ನಲ್ಲಿ ನಟಿ ಆನಾ ಡಿ ಆರ್ಮಸ್ ಇದ್ದರು, ಸಿನಿಮಾದಲ್ಲಿ ಅವರ ಪಾತ್ರವನ್ನೇ ಕತ್ತರಿಸಿದ್ದರು. ದುಡ್ಡು ಕೊಟ್ಟು ಚಿತ್ರ ನೋಡಿದ ಇಬ್ಬರು ಅಭಿಮಾನಿಗಳು ಯೂನಿವರ್ಸಲ್ ಕಂಪನಿಯ ಮೇಲೆ ದಾವೆ ಹೂಡಿದರು. ಟ್ರೇಲರ್ ಕೂಡ ಜಾಹೀರಾತೇ, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ತಗಲುತ್ತದೆ ಎಂದು ಫೆಡರಲ್ ನ್ಯಾಯಾಧೀಶರು 2022ರ ಡಿಸೆಂಬರ್‌ನಲ್ಲಿ ಹೇಳಿದರು.

ಕೋರ್ಟುಗಳು ಏನೇ ಹೇಳಲಿ, ಟ್ರೇಲರ್ ಬಿಟ್ಟ ಅರ್ಧ ಗಂಟೆಯಲ್ಲಿ ‘ಬ್ಲಾಕ್‌ಬಸ್ಟರ್ ಗ್ಯಾರಂಟಿ’ ಅಥವಾ ‘ಡಬ್ಬಾ’ ಎಂದು ಷರಾ ಬರೆದಾಗಿರುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೇ ಎನ್ನುವ ತರ್ಕ ಅದು. ತೊಡಕು ಇಷ್ಟೇ: ಇಲ್ಲಿ ಅಗುಳನ್ನು ಆರಿಸಿ ಅಂಗೈಗೆ ಹಾಕುವವನು ಅಡುಗೆಯವನೇ.

ಆರಿಸುವ ಕೈ ಎಷ್ಟು ಚುರುಕಾಗಿರಬಲ್ಲದು ಎಂಬುದಕ್ಕೆ 2005ರಲ್ಲಿ ನ್ಯೂಯಾರ್ಕಿನ ಸಹಾಯಕ ಎಡಿಟರ್ ರಾಬರ್ಟ್ ರಯಾಂಗ್ ಸ್ಪರ್ಧೆಯೊಂದಕ್ಕೆ ಮಾಡಿದ ಚೇಷ್ಟೆಯನ್ನು ನೋಡಬೇಕು. ಸ್ಟ್ಯಾನ್ಲಿ ಕ್ಯೂಬ್ರಿಕ್‌ರ ‘ದಿ ಶೈನಿಂಗ್’ (1980) ಹಿಮ ಬಿದ್ದು ಹೊರದಾರಿ ಮುಚ್ಚಿದ ಹೋಟೆಲಿನಲ್ಲಿ ತಲೆಕೆಟ್ಟ ಲೇಖಕನೊಬ್ಬ ಹೆಂಡತಿ–ಮಗನನ್ನು ಕೊಡಲಿ ಹಿಡಿದು ಅಟ್ಟಿಸಿಕೊಂಡು ಹೋಗುವ ಚಿತ್ರ. ರಯಾಂಗ್ ಹೊಸದಾಗಿ ಒಂದು ಫ್ರೇಮೂ ಚಿತ್ರೀಕರಿಸಲಿಲ್ಲ. ಜ್ಯಾಕ್ ನಿಕೋಲ್ಸನ್ ನಗುವ, ಮಗನನ್ನು ತಬ್ಬಿಕೊಳ್ಳುವ ತುಣುಕುಗಳನ್ನಷ್ಟೇ ಹೆಕ್ಕಿದರು. ಮೇಲೊಂದು ಬೆಚ್ಚಗಿನ ನಿರೂಪಣೆ, ಹಿನ್ನೆಲೆಗೆ ಪೀಟರ್ ಗೇಬ್ರಿಯಲ್‌ರ ಲವಲವಿಕೆಯ ಹಾಡು. ಬರೆಯಲು ಸ್ಫೂರ್ತಿ ಸಿಗದ ಅಪ್ಪ, ಅಪ್ಪನ ಪ್ರೀತಿಗೆ ಹಂಬಲಿಸುವ ಮಗ, ಇಬ್ಬರೂ ಹತ್ತಿರವಾಗುವ ಸಂಸಾರ ಕಥೆ ಸಿದ್ಧ! ಇಂಟರ್‌ನೆಟ್‌ನಲ್ಲಿ ಅದನ್ನು ನೋಡಿ ನಗದವರಿಲ್ಲ.

ವೃತ್ತಿಪರ ಟ್ರೇಲರ್‌ಗಳಲ್ಲೂ ಕೈಚಳಕ ಇದೇ, ಉದ್ದೇಶ ಮಾತ್ರ ಬೇರೆ. ಒಂದು ದೃಶ್ಯದ ಡೈಲಾಗಿಗೆ ಇನ್ನೊಂದು ದೃಶ್ಯದ ಮುಖ ಉತ್ತರ ಕೊಡುತ್ತದೆ. ಸಂಗೀತವೂ ಎಷ್ಟೋ ಸಲ ಎರವಲು. ‘ಇನ್ಸೆಪ್ಶನ್’ (2010) ಟ್ರೇಲರ್‌ನಲ್ಲಿ ಮೈ ಜುಮ್ಮೆನಿಸಿದ ‘ಮೈಂಡ್ ಹೈಸ್ಟ್’ ಝ್ಯಾಕ್ ಹೆಮ್ಸಿ ಅವರದು. ಹಾನ್ಸ್ ಝಿಮ್ಮರ್ ಸಂಗೀತದ ಚಿತ್ರದಲ್ಲಿ ಅದು ಇಲ್ಲ. ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಟ್ರೇಲರ್‌ನ ಕೊನೆಯಲ್ಲಿ ವೀರರ ದಂಡಿನೊಂದಿಗೆ ಹಸಿರು ಹಲ್ಕ್ ಓಡಿಬರುತ್ತಾನೆ. 2018ರಲ್ಲಿ ಸಿನಿಮಾ ಬಂದಾಗ ಆ ಯುದ್ಧಭೂಮಿಯಲ್ಲಿ ಹಲ್ಕ್ ಕಾಲಿಡಲೇ ಇಲ್ಲ. ಗುಟ್ಟು ಬಿಟ್ಟುಕೊಡದಿರಲು ಬೇಕೆಂದೇ ಹೇಳಿದ ಸುಳ್ಳು ಅದು. ಪ್ರೇಕ್ಷಕರು ಅದನ್ನು ಕ್ಷಮಿಸಿದರು, ಸಿನಿಮಾ ಚೆನ್ನಾಗಿತ್ತಲ್ಲ!

ಇನ್ನೂ ಸ್ವಾರಸ್ಯದ ಪ್ರಸಂಗ ‘ಸೂಸೈಡ್ ಸ್ಕ್ವಾಡ್’ (2016) ಚಿತ್ರದ್ದು. ಕ್ವೀನ್ ತಂಡದ ಹಾಡಿನ ತಾಳಕ್ಕೆ ಕತ್ತರಿಸಿದ ಟ್ರೇಲರ್ ಎಷ್ಟು ಹಿಟ್ ಆಯಿತೆಂದರೆ, ಟ್ರೇಲರ್ ಮಾಡಿದ ಕಂಪನಿಯನ್ನೇ ಸಿನಿಮಾದ ಒಂದು ಆವೃತ್ತಿ ಕಟ್ ಮಾಡಲೂ ಕರೆದರೆಂದು ‘ಹಾಲಿವುಡ್ ರಿಪೋರ್ಟರ್’ ವರದಿ ಮಾಡಿತು. ಚಿತ್ರ ದುಡ್ಡು ಬಾಚಿತು. ವಿಮರ್ಶಕರು ಮಾತ್ರ ಸಿಕ್ಕಾಪಟ್ಟೆ ಬೈದರು. ಮೂರು ನಿಮಿಷಕ್ಕೆ ಒಗ್ಗುವ ಲಯ ಎರಡು ಗಂಟೆಯ ಕಥೆಗೆ ಒಗ್ಗಲಿಲ್ಲ.

ಹಾಗೆಂದು ಟ್ರೇಲರ್ ನೋಡಿ ಏನೂ ತಿಳಿಯುವುದಿಲ್ಲವೆಂದಲ್ಲ. ಕಣ್ಣಿಗೆ ಕಾಣುವ ಕೆಲಸ ಅಲ್ಲಿ ಬಯಲಾಗುತ್ತದೆ. 2022ರ ಅಕ್ಟೋಬರ್ 2ರಂದು ಅಯೋಧ್ಯೆಯಲ್ಲಿ ‘ಆದಿಪುರುಷ್’ ಟೀಸರ್ ಬಿಟ್ಟಾಗ ಗ್ರಾಫಿಕ್ಸ್ ನೋಡಿ ಜನ ನಕ್ಕರು. ಬಿಡುಗಡೆ ಜನವರಿಯಿಂದ ಜೂನ್‌ಗೆ ಹೋಯಿತು, ಆದರೂ ನಗೆಪಾಟಲು ತಪ್ಪಲಿಲ್ಲ. ‘ಸಾನಿಕ್ ದಿ ಹೆಜ್‌ಹಾಗ್’ ತಂಡ ಅದಕ್ಕೂ ಮೊದಲೇ ಇದೇ ಪೆಟ್ಟು ತಿಂದು ಎದ್ದಿತ್ತು. 2019ರ ಏಪ್ರಿಲ್ ಕೊನೆಯಲ್ಲಿ ಬಂದ ಟ್ರೇಲರ್‌ನಲ್ಲಿ ನೀಲಿ ಪ್ರಾಣಿಗೆ ಮನುಷ್ಯರ ಹಲ್ಲು! ಬೈಗುಳ ಸುರಿದ ಕೆಲವೇ ದಿನಗಳಲ್ಲಿ ನಿರ್ದೇಶಕ ಜೆಫ್ ಫೌಲರ್ ರೂಪ ಬದಲಿಸುವುದಾಗಿ ಹೇಳಿ, ಹೇಳಿದಂತೆ ಮಾಡಿದರು. 2020ರ ಫೆಬ್ರುವರಿಯಲ್ಲಿ ಬಂದ ಚಿತ್ರ ಗೆದ್ದಿತು.

ಛಾಯಾಗ್ರಹಣ, ಸೆಟ್ಟು, ಗ್ರಾಫಿಕ್ಸ್, ತುಟಿಗೆ ಕೂಡದ ಡಬ್ಬಿಂಗ್, ಇವುಗಳ ಬಗ್ಗೆ ಟ್ರೇಲರ್ ಹೇಳುವುದನ್ನು ನಂಬಬಹುದು. ಚಿತ್ರಕಥೆಯ ಬಗ್ಗೆ ಅಲ್ಲ. ಇಂಟರ್ವಲ್ ಆದ ಮೇಲೆ ಕಥೆ ನಿಲ್ಲುತ್ತದೋ ಕುಸಿಯುತ್ತದೋ ಎಂಬುದನ್ನು ಅರ್ಧ ಸೆಕೆಂಡಿನ ಶಾಟ್‌ಗಳಲ್ಲಿ ಸುಲಭವಾಗಿ ಮುಚ್ಚಿಡಬಹುದು. ನಟನೊಬ್ಬನ ಮುಖವನ್ನು ಐದಾರು ಸೆಕೆಂಡು ಕತ್ತರಿಸದೆ ತೋರಿಸುವ ಧೈರ್ಯ ಟ್ರೇಲರ್‌ಗೆ ಇದೆಯೇ ಎಂದು ನೋಡುವುದು ಒಳ್ಳೆಯ ಉಪಾಯ. ನಾಯಕಿಗೆ ಒಂದಾದರೂ ಪೂರ್ತಿ ವಾಕ್ಯ ಸಿಕ್ಕಿದೆಯೇ ಎಂಬುದು ಅದಕ್ಕಿಂತಲೂ ಕಠಿಣ ಪರೀಕ್ಷೆ. ಗಾಂಧಿನಗರದ ಬಹುಪಾಲು ಟ್ರೇಲರ್‌ಗಳು ಇಲ್ಲಿ ಫೇಲ್.

ಕನ್ನಡದಲ್ಲಿ ಟ್ರೇಲರ್‌ನ ಬಲ ಏನೆಂದು ತೋರಿಸಿದ್ದು ‘ಕೆಜಿಎಫ್’. 2021ರ ಜನವರಿಯಲ್ಲಿ ಬಂದ ಎರಡನೇ ಭಾಗದ ಟೀಸರ್ ಎರಡೇ ದಿನಗಳಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿತು. ಯೂಟ್ಯೂಬ್‌ಗೆ ಅಭಿಮಾನಿ ವಿಡಿಯೊ ಕಟ್ ಮಾಡುತ್ತಿದ್ದ ಹುಡುಗ ಉಜ್ವಲ್ ಕುಲಕರ್ಣಿಯೇ ಆ ಚಿತ್ರಕ್ಕೆ ಎಡಿಟರ್ ಆದದ್ದೂ ಕಾಲದ ಗುರುತು. ‘ಕಾಂತಾರ’ದ ದಾರಿ ಬೇರೆ. 2022ರ ಸೆಪ್ಟೆಂಬರ್ ಮೊದಲ ವಾರ ಬಂದ ಅದರ ಟ್ರೇಲರ್‌ನಲ್ಲಿ ಕಂಬಳ, ಕಾಡು, ಅರಣ್ಯ ಇಲಾಖೆಯೊಂದಿಗಿನ ಜಟಾಪಟಿ ಎಲ್ಲ ಇದ್ದವು. ಆದರೆ ಜನರನ್ನು ಎರಡನೇ ಸಲ ಥಿಯೇಟರಿಗೆ ಎಳೆದ ಕ್ಲೈಮ್ಯಾಕ್ಸಿನ ತೂಕ ಟ್ರೇಲರ್‌ಗೆ ಹಿಡಿಸುವಂಥದ್ದಾಗಿರಲಿಲ್ಲ.

ಇದು ಅರ್ಥವಾದ ನಿರ್ಮಾಪಕರು ಈಗ ಇಡೀ ಸಿನಿಮಾವನ್ನೇ ಮೊದಲು ತೋರಿಸತೊಡಗಿದ್ದಾರೆ. ‘777 ಚಾರ್ಲಿ’ 2022ರ ಜೂನ್‌ನಲ್ಲಿ ಬಿಡುಗಡೆಯಾಗುವ ಮೊದಲೇ ದೇಶದ ಹಲವು ನಗರಗಳಲ್ಲಿ ಪ್ರೀಮಿಯರ್ ಕಂಡಿತ್ತು. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ದಲ್ಲಿ ದೊಡ್ಡ ಸ್ಟಾರ್ ಇರಲಿಲ್ಲ, ಬಿಲ್ಡಪ್ ಇರಲಿಲ್ಲ. ಪೇಯ್ಡ್ ಪ್ರೀಮಿಯರ್ ನೋಡಿ ಹೊರಬಂದವರ ಬಾಯಿಮಾತೇ ಅದರ ಟ್ರೇಲರ್ ಆಯಿತು. ಟಿಕೆಟ್ ಸಿಗದೆ ಜನ ಪರದಾಡಿದರು.