ಗಡಿ ದಾಟಿ ಬರುವ ಹಣದ ಲೆಕ್ಕ

ಮನೆಗೆ ಬಂದ ಹಣವನ್ನು ಎಣಿಸುವುದು ಸುಲಭವಾದ ಕೆಲಸವೆಂದು ನಾನು ಬಹುಕಾಲ ತಿಳಿದಿದ್ದೆ. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದು. ಉಡುಪಿಯ ಸಮೀಪದ ನಮ್ಮ ಹಳ್ಳಿಯಿಂದ ಅಪ್ಪ 2004ರಲ್ಲಿ ಕುವೈತಿಗೆ ಹೋಗಿ, ಹೋಟೆಲೊಂದರ ಅಡುಗೆಮನೆಯಲ್ಲಿ ಹದಿನಾರು ವರ್ಷ ದುಡಿದರು. ಚಿಕ್ಕಪ್ಪ ವಿದೇಶೀ ಕಂಪೆನಿಯ ಸರಕುಹಡಗಿನಲ್ಲಿ ವರ್ಷಕ್ಕೆ ಎಂಟು ತಿಂಗಳು ಇರುತ್ತಾರೆ. ಇಬ್ಬರ ಹಣವನ್ನೂ ಅಮ್ಮ ಒಂದೇ ನೋಟುಪುಸ್ತಕದಲ್ಲಿ, ಒಂದರ ಕೆಳಗೊಂದಾಗಿ ಬರೆದಿಟ್ಟಿದ್ದಾರೆ. ಕಳೆದ ವರ್ಷ ಪಾವತಿ ಶಿಲ್ಕಿನ ಪಾಠ ನಡೆದಾಗ ನಾನು ಈ ಪುಸ್ತಕದ ಮಾತೆತ್ತಿದೆ. ನಮ್ಮ ಉಪನ್ಯಾಸಕರು ನಕ್ಕು, "ನಿಮ್ಮ ತಾಯಿಯವರ ಲೆಕ್ಕ ಸರಿಯೇ. ಆದರೆ ದೇಶದ ಲೆಕ್ಕದಲ್ಲಿ ಈ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂರುವುದಿಲ್ಲ" ಎಂದರು. ಅದೇಕೆಂದು ತಿಳಿಯಹೊರಟುದರ ಫಲವೇ ಈ ಲೇಖನ.

ದೇಶದೇಶಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಹೇಗೆ ಬರೆಯಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕೈಪಿಡಿಯೊಂದುಂಟು. ಅದರ ಆರನೆಯ ಆವೃತ್ತಿ 2009ರಲ್ಲಿ ಹೊರಬಂದಿತು. ಅದು ಮೊದಲು ಕೇಳುವ ಪ್ರಶ್ನೆ ಒಬ್ಬನು ಯಾವ ದೇಶದ ಪ್ರಜೆ ಎಂಬುದಲ್ಲ, ಯಾವ ದೇಶದ ನಿವಾಸಿ ಎಂಬುದು. ಒಂದು ವರ್ಷವಾಗಲಿ ಅದಕ್ಕೂ ಹೆಚ್ಚಾಗಲಿ ಪರದೇಶದಲ್ಲಿ ನೆಲೆಸಿ ದುಡಿಯುವವನು, ಈ ಲೆಕ್ಕದ ಮಟ್ಟಿಗೆ, ಆ ದೇಶದ ನಿವಾಸಿ. ಅವನ ಸಂಬಳ ಆ ದೇಶದ ಆದಾಯ. ಅದರಲ್ಲಿ ಅವನು ಊರಿಗೆ ಕಳುಹಿಸಿದಷ್ಟು ಮಾತ್ರ 'ವೈಯಕ್ತಿಕ ವರ್ಗಾವಣೆ'ಯಾಗಿ ನಮ್ಮ ಲೆಕ್ಕಕ್ಕೆ ಬರುತ್ತದೆ. ವರ್ಷದೊಳಗೆ ಹೋಗಿ ಬರುವ ಹಂಗಾಮಿ ಕೆಲಸಗಾರನೂ, ಮನೆ ಇಲ್ಲಿಯೇ ಇರುವ ಹಡಗಿನ ಸಿಬ್ಬಂದಿಯೂ ಇಲ್ಲಿನ ನಿವಾಸಿಗಳಾಗಿಯೇ ಉಳಿಯುತ್ತಾರೆ. ಅವರು ಕಳುಹಿಸಿದಷ್ಟು ಮಾತ್ರವಲ್ಲ, ಗಳಿಸಿದ ಸಂಬಳವೆಲ್ಲವೂ 'ನೌಕರರ ಪ್ರತಿಫಲ'ವೆಂದು ನಮ್ಮ ಕಡೆ ಜಮೆಯಾಗುತ್ತದೆ.

ಇದು ಬರಿಯ ಹೆಸರಿನ ಭೇದವಲ್ಲ. ಒಟ್ಟು ದೇಶೀಯ ಉತ್ಪನ್ನದಲ್ಲಿ ಇಬ್ಬರ ಹಣವೂ ನೇರವಾಗಿ ಸೇರದು, ಏಕೆಂದರೆ ದುಡಿಮೆ ನಡೆದುದು ಹೊರಗೆ. ಚಿಕ್ಕಪ್ಪನ ಸಂಬಳ ಒಟ್ಟು ರಾಷ್ಟ್ರೀಯ ಆದಾಯವನ್ನು ಹೆಚ್ಚಿಸುತ್ತದೆ. ಅಪ್ಪನ ಹಣವಾದರೋ ಅಲ್ಲಿಯೂ ಕಾಣದೆ, ಇನ್ನೊಂದು ಮೆಟ್ಟಿಲು ದಾಟಿ, ರಾಷ್ಟ್ರದ ವಿನಿಯೋಗಾರ್ಹ ಆದಾಯದಲ್ಲಿ ಮಾತ್ರ ತಲೆದೋರುತ್ತದೆ. ಅದು ಗಳಿಕೆಯೆಂದಲ್ಲ, ಹೊರಗಿನವರೊಬ್ಬರು ಕೊಟ್ಟ ನೆರವು ಎಂದು. ಇದನ್ನು ವಿವರಿಸಿದಾಗ ಅಮ್ಮ, "ಹಾಗಾದರೆ ಹದಿನಾರು ವರ್ಷ ನಿನ್ನ ಅಪ್ಪ ಹೊರಗಿನವರೋ?" ಎಂದು ಕೇಳಿದರು. ಲೆಕ್ಕದ ಶಾಸ್ತ್ರಕ್ಕೆ ಅದರ ನ್ಯಾಯವುಂಟು. ಅಮ್ಮನಿಗೆ ನಾನು ಉತ್ತರ ಹೇಳಲಾರದೆ ಹೋದೆ.

ಇನ್ನು ಮೊತ್ತವನ್ನು ಕಂಡುಹಿಡಿಯುವ ಬಗೆ. ನಮ್ಮಲ್ಲಿ ಈ ಕೆಲಸ ರಿಸರ್ವ್ ಬ್ಯಾಂಕಿನದು. ಬ್ಯಾಂಕುಗಳ ಮೂಲಕ ನೇರವಾಗಿ ಕುಟುಂಬಗಳಿಗೆ ಬಂದ ಹಣದ ಜೊತೆಗೆ, ಅನಿವಾಸಿ ಭಾರತೀಯರ ಠೇವಣಿಗಳಿಂದ ಇಲ್ಲಿ ರೂಪಾಯಿಯಲ್ಲಿ ತೆಗೆದ ಹಣವನ್ನೂ ಅದು ಸೇರಿಸುತ್ತದೆ. ಠೇವಣಿಯಲ್ಲಿರುವ ತನಕ ಆ ಹಣ ದೇಶ ಹೊರಗಿನವನಿಗೆ ತೀರಿಸಬೇಕಾದ ಸಾಲ. ಮನೆಯವರು ತೆಗೆದ ದಿನ ಅದು ವರ್ಗಾವಣೆ. ಆದಕಾರಣ ಹಣ ಗಡಿ ದಾಟಿದ ವರ್ಷ ಬೇರೆ, ಲೆಕ್ಕಕ್ಕೆ ಬಂದ ವರ್ಷ ಬೇರೆಯಾಗುವುದುಂಟು. 2010-11ರಲ್ಲಿ ಸುಮಾರು 5,560 ಕೋಟಿ ಡಾಲರುಗಳಿದ್ದ ಭಾರತದ ರವಾನೆ 2023-24ರಲ್ಲಿ 11,870 ಕೋಟಿ ಡಾಲರುಗಳಿಗೇರಿತು.

ಎಲ್ಲಿಂದ ಬಂತು, ಯಾವ ರಾಜ್ಯಕ್ಕೆ ಬಂತು ಎಂಬುದನ್ನು ರಿಸರ್ವ್ ಬ್ಯಾಂಕು ಸಮೀಕ್ಷೆಯಿಂದ ಅಂದಾಜು ಮಾಡುತ್ತದೆ. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ಪಾಲು ಶೇಕಡಾ 15. 2023-24ರಲ್ಲಿ ಶೇಕಡಾ 7.7. ಅಷ್ಟರಿಂದಲೇ ನಮ್ಮವರ ದುಡಿಮೆ ಅರ್ಧಕ್ಕಿಳಿಯಿತೆಂದು ಹೇಳುವುದು ದುಡುಕು. ಮೊತ್ತವೇ ಹಿಗ್ಗಿರುವಾಗ ಪಾಲು ಕುಗ್ಗಿದರೂ ಹಣ ಅಷ್ಟೇ ಕುಗ್ಗಬೇಕಾಗಿಲ್ಲ. ಮೇಲಾಗಿ ಸಮೀಕ್ಷೆ ಕೇಳುವುದು ಹಣ ಸಾಗಿಸುವ ಸಂಸ್ಥೆಗಳನ್ನು, ಮನೆಗಳನ್ನಲ್ಲ. ಹಣದ ಮೂಲವನ್ನು ಹೇಳುವುದರಲ್ಲಿಯೂ ತೊಡಕುಂಟು: ಒಂದು ದೇಶದಿಂದ ಹೊರಟ ಹಣ ಅಮೆರಿಕದ ಮಧ್ಯವರ್ತಿ ಬ್ಯಾಂಕಿನ ಮೂಲಕ ಬಂದರೆ ಅಮೆರಿಕದ್ದೆಂದೇ ದಾಖಲಾಗಬಹುದು. ಹವಾಲಾದಲ್ಲಿ ಬಂದುದು, ರಜೆಗೆ ಬರುವವರು ಕಿಸೆಯಲ್ಲಿ ತಂದುದು, ಇವು ಬ್ಯಾಂಕಿನ ಕಣ್ಣಿಗೆ ಬೀಳುವುದೇ ಇಲ್ಲ.

ಅಂಕಿ ಹೇಗೆ ಮರುಳುಮಾಡಬಲ್ಲದೆಂಬುದಕ್ಕೆ 2020ನೆಯ ವರ್ಷವೇ ನಿದರ್ಶನ. ಜಗತ್ತಿನ ರವಾನೆ ಶೇಕಡಾ 20ರಷ್ಟು ಕುಸಿಯುವುದೆಂದು ಆ ವರ್ಷದ ಏಪ್ರಿಲಿನಲ್ಲಿ ವಿಶ್ವಬ್ಯಾಂಕು ಎಣಿಸಿತ್ತು. ಆದರೆ ಭಾರತಕ್ಕೆ ಬಂದ ಹಣ ಸುಮಾರು 8,300 ಕೋಟಿ ಡಾಲರು, ಹಿಂದಿನ ವರ್ಷದಷ್ಟೇ. ವಿಮಾನಗಳು ನಿಂತಾಗ ಕೈಯಲ್ಲಿ ಬರುತ್ತಿದ್ದ ಹಣ ಬ್ಯಾಂಕಿನ ದಾರಿ ಹಿಡಿದುದು ಇದಕ್ಕೊಂದು ಕಾರಣವೆಂದು ತಜ್ಞರು ಹೇಳಿದ್ದಾರೆ. ಅಂದರೆ ಬಂದ ಹಣ ಹೆಚ್ಚದಿದ್ದರೂ ಕಂಡ ಹಣ ಹೆಚ್ಚಬಲ್ಲದು.

ನಮ್ಮ ಮನೆಯ ಪುಸ್ತಕದಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಆ ವರ್ಷ ಅಪ್ಪನಿಗೆ ನಾಲ್ಕು ತಿಂಗಳು ಸಂಬಳವಾಗಲಿಲ್ಲ. ಬಳಿಕ ಕೆಲಸವೂ ಹೋಯಿತು. ಅವರು ಹಿಂತಿರುಗುವ ಮುನ್ನ ಅಮ್ಮ ಅವರ ಅನಿವಾಸಿ ಖಾತೆಯ ಉಳಿತಾಯವನ್ನೆಲ್ಲ ತೆಗೆದು ಮನೆಸಾಲ ತೀರಿಸಿದರು. ಹದಿನಾರು ವರ್ಷಗಳಲ್ಲಿ ಅತಿ ದೊಡ್ಡ ಅಂಕಿ ಆ ಪುಟದ್ದೇ. ದೇಶದ ಲೆಕ್ಕದಲ್ಲಿ ಅದೂ ರವಾನೆಯೆಂದೇ ಸೇರಿರಬೇಕು. ಮುಂದಿನ ಪುಟದಲ್ಲಿ ಚಿಕ್ಕಪ್ಪನ ಹೆಸರೊಂದೇ ಇದೆ.

ಹಾಗೆಂದು ಅಂಕಿಅಂಶಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೇಶಕ್ಕೆ ಎಷ್ಟು ವಿದೇಶೀ ವಿನಿಮಯ ದೊರೆಯಿತೆಂಬುದನ್ನು ಅವು ಹೇಳುತ್ತವೆ. ಯಾರ ಒಲೆ ಹೇಗೆ ಉರಿಯಿತೆಂಬುದನ್ನು ತಿಳಿಯಲು ಮನೆಗಳಿಗೇ ಹೋಗಬೇಕು. ನೆರೆಯ ಕೇರಳದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ವಿದ್ವಾಂಸರು 1998ರಲ್ಲಿ ಮನೆಮನೆಯ ವಲಸೆ ಸಮೀಕ್ಷೆಯನ್ನು ಆರಂಭಿಸಿದರು. ಅದು ಕೆಲವು ವರ್ಷಗಳಿಗೊಮ್ಮೆ ನಡೆದುಬಂದಿದೆ. ನಮ್ಮ ಕಾಲೇಜಿನಲ್ಲಿ ಕೊಲ್ಲಿ ದೇಶಗಳ ಹಣದಿಂದ ಓದುತ್ತಿರುವವರು ನಾನೊಬ್ಬನೇ ಅಲ್ಲ. ಬರುವ ಬೇಸಗೆಯ ರಜೆಯಲ್ಲಿ ನಾವು ನಮ್ಮ ನಮ್ಮ ಊರಿನ ಇಪ್ಪತ್ತು ಮನೆಗಳನ್ನಾದರೂ ಕೇಳಿ ಬರೆಯಬಾರದೇಕೆ? ಅಧ್ಯಾಪಕರು ದಾರಿ ತೋರಿದರೆ ಮೊದಲ ಮನೆಯಾಗಿ ನಮ್ಮ ಮನೆಯನ್ನೇ ಒಪ್ಪಿಸುತ್ತೇನೆ. ಪುಸ್ತಕ ಕೊಡಲು ಅಮ್ಮ ಒಪ್ಪಿದ್ದಾರೆ.