ಕಾರು ನಿಮ್ಮದು, ಫೀಚರ್ ಯಾರದು?

ಅಮೆರಿಕದಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಟೆಸ್ಲಾ ಕಾರು ಪಕ್ಕಪಕ್ಕ ನಿಂತಿವೆ ಅಂದ್ಕೊಳ್ಳಿ. ಒಂದೇ ಮಾಡೆಲ್, ಒಂದೇ ವರ್ಷ, ಓಡಿರೋ ಮೈಲಿಯೂ ಒಂದೇ. ಆದ್ರೂ ಒಂದಕ್ಕೆ ಬೆಲೆ ಜಾಸ್ತಿ. ಅದರಲ್ಲಿ ‘ಫುಲ್ ಸೆಲ್ಫ್ ಡ್ರೈವಿಂಗ್’ ಸಾಫ್ಟ್‌ವೇರ್ ಇದೆ.

2022ರ ಕೊನೆಗೆ ಅದನ್ನ ಹಾಕಿಸ್ಕೊಂಡವರು ಕೊಟ್ಟಿದ್ದು 15,000 ಡಾಲರ್. 2024ರ ಏಪ್ರಿಲ್‌ನಲ್ಲಿ ಅದೇ ಸಾಫ್ಟ್‌ವೇರ್ 8,000ಕ್ಕೆ ಇಳೀತು. ಆಗ ತಿಂಗಳ ಬಾಡಿಗೆ ಬರೀ 99 ಡಾಲರ್ ಆಯ್ತು. ಬೇಕಾದ ತಿಂಗಳು ಬಾಡಿಗೆಗೆ ಸಿಗೋದಕ್ಕೆ ಹಳೇ ಕಾರು ಕೊಳ್ಳೋರು ಸಾವಿರಾರು ಡಾಲರ್ ಯಾಕೆ ಹೆಚ್ಚಿಗೆ ಕೊಡ್ತಾರೆ? ಮೊದಲ ಮಾಲೀಕರ ದುಡ್ಡು ಹೀಗೆ ಕರಗುತ್ತೆ.

ನನಗೆ ಇದಕ್ಕಿಂತ ಕಳವಳ ತಂದದ್ದು ಇನ್ನೊಂದು. ಡೀಲರ್ ಹತ್ರ ಕೊಂಡ ಹಳೇ ಟೆಸ್ಲಾ ಮಾಡೆಲ್ ಎಸ್ ಕಾರೊಂದರಿಂದ ಕಂಪನಿ ಈ ಸೌಲಭ್ಯವನ್ನ ದೂರದಿಂದಲೇ ತೆಗೆದುಹಾಕಿದ್ದು 2020ರಲ್ಲಿ ಸುದ್ದಿಯಾಯ್ತು. ಗಲಾಟೆಯಾದ ಮೇಲೆ ವಾಪಸ್ ಬಂತು, ಸರಿ. ಆದ್ರೆ ಗಲಾಟೆ ಮಾಡೋಕಾಗದವರ ಗತಿ?

ಬ್ಯಾಟರಿಗೂ ಸಾಫ್ಟ್‌ವೇರ್ ಬೀಗ ಹಾಕಿದ್ದುಂಟು: 2016ರ ಮಾಡೆಲ್ ಎಸ್ 60ರೊಳಗೆ ಇದ್ದದ್ದು 75 ಕಿಲೋವ್ಯಾಟ್-ಅವರ್ ಬ್ಯಾಟರಿ. ದುಡ್ಡು ಕಟ್ಟಿದರೆ ತೆರೆಯೋದು.

ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳೋ ಮುಂಚೆ ಕಾರಿನ ಸ್ಕ್ರೀನ್ ಆನ್ ಮಾಡಿಸಿ ನೋಡಿ. ಯಾವ ಫೀಚರ್ ಖರೀದಿ, ಯಾವುದು ಬಾಡಿಗೆ? ಕಾರಿನ ಜೊತೆ ಬರುತ್ತಾ, ಹಳೇ ಮಾಲೀಕರ ಖಾತೆ ಜೊತೆ ಹೋಗುತ್ತಾ? ಉತ್ತರವನ್ನ ಬರವಣಿಗೆಯಲ್ಲೇ ತಗೊಳ್ಳಿ.