ಮಲಗಿ ಹುಟ್ಟಿ ಎದ್ದು ನಿಲ್ಲುವ ಗೋಡೆ

ಸೂರತ್‌ನ ವರಾಛಾದಲ್ಲಿ ಎರಡು ಬಗೆಯ ಸಂಪತ್ತು ಒಂದೇ ಬೀದಿಯಲ್ಲಿ ತಯಾರಾಗುತ್ತದೆ. ಒಂದು ವಜ್ರ. ಸೌರಾಷ್ಟ್ರದ ಹಳ್ಳಿಗಳಿಂದ ಬಂದ ಕುಟುಂಬಗಳು ಇಲ್ಲಿ ಹರಳು ಉಜ್ಜುವ ಕಸುಬನ್ನು ಬೆಳೆಸಿದವು. ಕಾಗದದ ಪೊಟ್ಟಣದಲ್ಲಿ ಮಡಿಚಿಟ್ಟರೆ ಲಕ್ಷಾಂತರ ರೂಪಾಯಿಯ ಮಾಲು ಜೇಬಿನಲ್ಲೇ ಊರು ದಾಟುತ್ತದೆ, ಅದಕ್ಕೆ ಗೋದಾಮು ಬೇಡ. ಇನ್ನೊಂದು ಬಟ್ಟೆ, ಕಸೂತಿ, ಸೀರೆ. ಅದಕ್ಕೆ ಜಾಗ ಬೇಕು. ಇಲ್ಲಿಂದ ಲಾರಿ ಹತ್ತಿದ ಸೀರೆಯ ಪಾರ್ಸಲ್ಲು ಕಾಮ್ರೇಜ್ ಬಳಿ 48ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ದಾಟಿ ದಾಬಸ್‌ಪೇಟೆ, ನೆಲಮಂಗಲದವರೆಗೆ ಹೆದ್ದಾರಿಯ ಸಂಖ್ಯೆ ಬದಲಾಗುವುದಿಲ್ಲ. ಅಲ್ಲಿಂದ ಬೆಂಗಳೂರಿನ ಜವಳಿ ಪೇಟೆ ಚಿಕ್ಕಪೇಟೆ ಎಷ್ಟು ದೂರ?

ಕಳೆದ ಕೆಲವು ವರ್ಷಗಳಲ್ಲಿ ಈ ಹೆದ್ದಾರಿಯ ಸೂರತ್, ಬೆಂಗಳೂರು ಎರಡೂ ಕಡೆಯ ಹೊಲಗಳಲ್ಲಿ ಭಾರಿ ಗೋದಾಮುಗಳು ಎದ್ದಿವೆ. ಅದರ ಹಿಂದಿನ ದೊಡ್ಡ ಕಾರಣ ತೆರಿಗೆಯ ಲೆಕ್ಕ. 2017ರ ಜುಲೈ 1ಕ್ಕೆ ಮೊದಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದ ಸರಕಿನ ಮೇಲೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದು ಬೀಳದಿರಲೆಂದು ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಡಿಪೊ ಇಟ್ಟುಕೊಂಡು, ಸರಕನ್ನು ಮಾರದೆ ತಮ್ಮದೇ ಡಿಪೊಗೆ ವರ್ಗಾಯಿಸಿದ ಲೆಕ್ಕ ಬರೆಯುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಸಣ್ಣ ಡಿಪೊಗಳಿಗೆ ಅರ್ಥ ಉಳಿಯಲಿಲ್ಲ. ಹತ್ತು ಕಡೆ ಚದುರಿದ್ದನ್ನು ಹೆದ್ದಾರಿಯ ಪಕ್ಕ ಒಂದೇ ಕಡೆ ಸೇರಿಸಿದರೆ ಖರ್ಚು ಕಡಿಮೆ. ಅದೇ ವರ್ಷದ ನವೆಂಬರಿನಲ್ಲಿ ಲಾಜಿಸ್ಟಿಕ್ಸ್‌ಗೆ ಮೂಲಸೌಕರ್ಯದ ಸ್ಥಾನ ಸಿಕ್ಕಿ ದೀರ್ಘಾವಧಿ ಸಾಲದ ದಾರಿಯೂ ತೆರೆಯಿತು.

1957ರಲ್ಲಿ ಕೇಂದ್ರ ಉಗ್ರಾಣ ನಿಗಮ ಹುಟ್ಟಿದಾಗ ಅದರ ಮೊದಮೊದಲ ಉಗ್ರಾಣಗಳ ಸಾಲಿನಲ್ಲಿ ದಾವಣಗೆರೆ, ಗದಗ ಇದ್ದವು. ಅವು ಚೀಲಗಳನ್ನು ಕೈಯಲ್ಲಿ ಪೇರಿಸುವ ಕಾಲದ ಕಟ್ಟಡಗಳು. ಇವತ್ತಿನ ಗೋದಾಮಿನ ಒಳಗೆ ಹನ್ನೆರಡು ಮೀಟರ್ ಎತ್ತರ ಖಾಲಿ ಇರಬೇಕು, ನೆಲ ಚದರ ಮೀಟರಿಗೆ ಐದು ಟನ್ ಹೊರಬೇಕು. ಅಷ್ಟೆತ್ತರದ ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟುವುದೆಂದರೆ ಸಾರುವೆ, ಕಂಬ, ಮತ್ತೆ ತಿಂಗಳುಗಟ್ಟಲೆ ಕೆಲಸ. ಅಮೆರಿಕದಲ್ಲಿ ಇದಕ್ಕೆ ಬೇರೆಯೇ ಒಂದು ಉತ್ತರ ಇದೆ: ಗೋಡೆಯನ್ನು ನೆಲದ ಮೇಲೆ ಮಲಗಿಸಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಕ್ರೇನಿನಿಂದ ಎಬ್ಬಿಸಿ ನಿಲ್ಲಿಸುವುದು. ಟಿಲ್ಟ್-ಅಪ್ ಎನ್ನುತ್ತಾರೆ.

ಇದರಲ್ಲಿ ಎಲ್ಲವೂ ನೆಲದಿಂದ ಶುರು. ಮಣ್ಣು ದಮ್ಮಾಸು ಮಾಡಿ, ಗೋದಾಮಿನ ಕಾಂಕ್ರೀಟ್ ನೆಲವನ್ನೇ ಮೊದಲು ಹಾಕುತ್ತಾರೆ. ಮುಂದೆ ಫೋರ್ಕ್‌ಲಿಫ್ಟ್ ಓಡಾಡಬೇಕಾದ ಈ ನೆಲ ಈಗ ಗೋಡೆಯ ಅಚ್ಚು. ಹಾಗಾಗಿ ನೆಲದಲ್ಲಿ ಒಂದು ತಗ್ಗು ಉಳಿದರೆ ಗೋಡೆಯ ಮುಖದಲ್ಲಿ ಒಂದು ಉಬ್ಬು ಬರುತ್ತದೆ. ನೆಲದ ಮೇಲೆ ಪ್ರತಿ ಫಲಕದ ಅಳತೆಗೆ ಅಂಚಿನ ಪಟ್ಟಿ ಕಟ್ಟಿ, ಬಾಗಿಲು ಕಿಟಕಿಯ ಜಾಗ ಬಿಟ್ಟು, ಕಂಬಿ ಹೆಣೆಯುತ್ತಾರೆ. ಅದಕ್ಕೂ ಮೊದಲು ನೆಲಕ್ಕೆ ಒಂದು ದ್ರಾವಣ ಸಿಂಪಡಿಸಬೇಕು, ಹಳೆಯ ಕಾಂಕ್ರೀಟಿಗೆ ಹೊಸದು ಕಚ್ಚಿಕೊಳ್ಳದಿರಲೆಂದು. ಎಣ್ಣೆ ಸವರದ ಕಾವಲಿಯಿಂದ ದೋಸೆ ಏಳದ ಹಾಗೆ, ಈ ಲೇಪ ತಪ್ಪಿದ ಕಡೆ ಫಲಕ ಏಳುವುದಿಲ್ಲ. ಎದ್ದರೂ ನೆಲದ ಚೂರನ್ನು ಕಿತ್ತುಕೊಂಡೇ ಏಳುತ್ತದೆ. ಎತ್ತುವ ಕೊಕ್ಕೆ ಸಿಕ್ಕಿಸಲು ಬೇಕಾದ ಉಕ್ಕಿನ ತುಂಡುಗಳು, ಚಾವಣಿಯ ತೊಲೆ ಕೂರುವ ತಗಡುಗಳು ಎಲ್ಲವನ್ನೂ ಕಂಬಿಯ ನಡುವೆ ಅಳೆದು ಇಟ್ಟ ಮೇಲೆಯೇ ಕಾಂಕ್ರೀಟ್ ಹೊಯ್ಯುತ್ತಾರೆ. ಗಾರೆಯವರು ಬಗ್ಗಿ ಕರಣೆ ಆಡಿಸುತ್ತಾರೆ. ಸಾರುವೆ ಹತ್ತಿ ಮಾಡಬೇಕಿದ್ದ ಕೆಲಸ ಇದು. ಈಗ ಮಂಡಿಯೂರಿ ಮುಗಿಯುತ್ತದೆ. ಎತ್ತರದಿಂದ ಬಿದ್ದು ಸಾಯುವ ಗಾರೆ ಕೆಲಸದವರ ಸುದ್ದಿಯನ್ನು ನಿತ್ಯ ಓದುವ ನಾಡಿನಲ್ಲಿ ಈ ಒಂದು ಗುಣಕ್ಕೇ ನಾನು ಈ ವಿಧಾನವನ್ನು ಗೌರವಿಸುತ್ತೇನೆ.

ವಾರವೋ ಹತ್ತು ದಿನವೋ ನೀರುಣಿಸಿ, ಕಾಂಕ್ರೀಟು ಬಲಿತಿದೆಯೇ ಎಂದು ಪರೀಕ್ಷಿಸಿದ ಮೇಲೆ ಕ್ರೇನು ಬರುತ್ತದೆ. ಫಲಕ 10 ಮೀಟರ್ ಎತ್ತರ, 7 ಮೀಟರ್ ಅಗಲ, 18 ಸೆಂಟಿಮೀಟರ್ ದಪ್ಪ ಇದೆ ಎಂದುಕೊಳ್ಳಿ. ಆಗ ಅದರಲ್ಲಿ 12.6 ಘನ ಮೀಟರ್ ಕಾಂಕ್ರೀಟಿದೆ, ತೂಕ 31 ಟನ್ನಿಗೂ ಮೇಲೆ. ಗೋಡೆಯ ಬಾಳಿನಲ್ಲಿ ಅತಿ ಕಷ್ಟದ ಹೊತ್ತು ಇದೇ. ನಿಂತ ಗೋಡೆ ತನ್ನ ಭಾರವನ್ನು ನೆಟ್ಟಗೆ ಬುನಾದಿಗೆ ಇಳಿಸುತ್ತದೆ. ಮಲಗಿರುವುದನ್ನು ಎತ್ತುವಾಗ ಅದೇ ಭಾರ ಅದನ್ನು ಬಗ್ಗಿಸಿ ಮುರಿಯಲು ನೋಡುತ್ತದೆ. ಬಾಗಿಲಿನ ತೆರಪು ದೊಡ್ಡದಿದ್ದರೆ ಉಕ್ಕಿನ ತೊಲೆಗಳನ್ನು ತಾತ್ಕಾಲಿಕವಾಗಿ ಬಿಗಿದೇ ಎತ್ತಬೇಕು. ನೆಟ್ಟಗೆ ನಿಂತ ಫಲಕಕ್ಕೆ ಓರೆ ಊರೆಗೋಲುಗಳನ್ನು ನೆಲಕ್ಕೆ ಬಿಗಿದ ಮೇಲೆಯೇ ಕೊಕ್ಕೆ ಬಿಚ್ಚುತ್ತಾರೆ. ನುರಿತ ತಂಡ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಫಲಕ ನಿಲ್ಲಿಸುತ್ತದೆ. ಬೆಳಗ್ಗೆ ಬಯಲಾಗಿದ್ದ ಜಾಗಕ್ಕೆ ಸಂಜೆಯೊಳಗೆ ಒಂದು ಬದಿಯ ಗೋಡೆ ಬಂದಿರುತ್ತದೆ. ಊರೆಗೋಲು ಮಾತ್ರ ಚಾವಣಿ ಕೂತು ಗೋಡೆಯನ್ನು ಹಿಡಿದುಕೊಳ್ಳುವವರೆಗೆ ತೆಗೆಯುವ ಹಾಗಿಲ್ಲ.

ಇದು ಕಂಪ್ಯೂಟರ್ ಕಾಲದ ಉಪಾಯವಲ್ಲ. 20ನೇ ಶತಮಾನದ ಮೊದಲ ದಶಕದಲ್ಲೇ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಾಬರ್ಟ್ ಐಕನ್ ಎಂಬಾತ ವಾಲುವ ಮೇಜಿನ ಮೇಲೆ ಗೋಡೆ ಎರಕ ಹೊಯ್ದು ಜಾಕುಗಳಿಂದ ಎಬ್ಬಿಸಿದ್ದ. ವಾಸ್ತುಶಿಲ್ಪಿ ಅರ್ವಿಂಗ್ ಗಿಲ್ ಆ ಹಕ್ಕನ್ನು ಕೊಂಡು, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಮಹಿಳಾ ಕ್ಲಬ್ಬಿನ ಕಮಾನುಗಳ ಗೋಡೆಯನ್ನು 1914ರ ಹೊತ್ತಿಗೆ ಹೀಗೆ ನಿಲ್ಲಿಸಿದ. ಆಮೇಲೆ ದಶಕಗಟ್ಟಲೆ ವಿಧಾನ ಮಂಕಾಯಿತು, ಏಕೆಂದರೆ ಎತ್ತುವ ಯಂತ್ರ ಸುಲಭವಾಗಿ ಸಿಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಓಡಾಡುವ ಕ್ರೇನು ಮತ್ತು ಲಾರಿಯಲ್ಲಿ ಬರುವ ರೆಡಿಮಿಕ್ಸ್ ಎರಡೂ ಸುಲಭವಾಗಿ ಸಿಕ್ಕಾಗ ಅದು ಅಲ್ಲಿನ ಗೋದಾಮುಗಳ ರೂಢಿಯಾಯಿತು.

ನಮ್ಮಲ್ಲಿ ಮನೆಯ ಗೋಡೆಯನ್ನು ಫಲಕವಾಗಿ ಎರೆಯುವ ಸರ್ಕಾರಿ ಕನಸನ್ನು ಹೊತ್ತವರು ಕನ್ನಡ ನಾಡಿಗೆ ಹತ್ತಿರದವರು. ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ ಮೂಲದ ಒಟ್ಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವೇ. 1948ರಲ್ಲಿ ದೆಹಲಿಗೆ ಹೋಗಿ ಕೇಂದ್ರದ ವಸತಿ ನಿರ್ದೇಶಕರಾದಾಗ ದೇಶವಿಭಜನೆಯ ನಿರಾಶ್ರಿತರು ಡೇರೆಗಳಲ್ಲಿದ್ದರು. ಜಂಗ್‌ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಹಗುರ ಕಾಂಕ್ರೀಟಿನ ಫಲಕ ಎರೆದು ಮನೆ ಜೋಡಿಸುವುದು ಯೋಜನೆ. ಫಲಕಗಳು ಬಿರುಕು ಬಿಟ್ಟವು, ಸಂಸತ್ತಿನಲ್ಲಿ ಗದ್ದಲವಾಯಿತು, 1951ರಲ್ಲಿ ಅವರು ದೇಶ ಬಿಟ್ಟರು. ಕಾರ್ಖಾನೆ ಉಳಿಯಿತು, ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಆಯಿತು. ಮನೆಯಿಲ್ಲದವರಿಗೆ ಬೇಗ ಸೂರು ಕೊಡಬೇಕೆಂಬ ಅವರ ತವಕ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ.

ಫಲಕದ ಕಟ್ಟಡದಲ್ಲಿ ಜೀವ ಇರುವುದು ಜೋಡಣೆಯಲ್ಲಿ. 1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಟಿಲ್ಟ್-ಅಪ್ ಗೋಡೆಗಳು ಚಾವಣಿಯಿಂದ ಕಳಚಿಕೊಂಡು ಹೊರಕ್ಕೆ ವಾಲಿದವು. ಚಾವಣಿಯನ್ನು ಗೋಡೆಯ ಮರದ ಪಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದರು, ಪಟ್ಟಿ ಸೀಳಿತ್ತು. ಆಮೇಲೆ ಅಲ್ಲಿನ ನಿಯಮ ಬಿಗಿಯಾಯಿತು. ಗುಜರಾತಿನಲ್ಲೇ 2001ರ ಜನವರಿ 26ರ ಭೂಕಂಪದಲ್ಲಿ, ಅದಕ್ಕೆ ಸ್ವಲ್ಪ ಮೊದಲಷ್ಟೇ ಸರ್ಕಾರ ಕಟ್ಟಿಸಿದ್ದ ಪ್ರಿಕಾಸ್ಟ್ (ಮೊದಲೇ ಎರೆದು ತಂದು ಜೋಡಿಸಿದ) ಶಾಲಾ ಕೊಠಡಿಗಳಲ್ಲಿ ಹಲವು ಕಚ್ಛ್‌ನಲ್ಲಿ ಕುಸಿದವು. ಚಾವಣಿಯ ಹಲಗೆಗಳನ್ನು ಕೆಳಗಿನ ತೊಲೆಗೆ ಗಟ್ಟಿಯಾಗಿ ಕಟ್ಟಿರಲಿಲ್ಲ. 2021ರ ಡಿಸೆಂಬರ್ 10ರ ರಾತ್ರಿ ಇಲಿನಾಯ್‌ನ ಎಡ್ವರ್ಡ್ಸ್‌ವಿಲ್‌ನಲ್ಲಿ ಸುಂಟರಗಾಳಿಗೆ ಅಮೆಜಾನ್‌ನ ಗೋದಾಮು ಬಿದ್ದು ಆರು ಮಂದಿ ಸತ್ತರು. ಅಲ್ಲಿನ ಗೋಡೆಗಳು ಹನ್ನೆರಡು ಮೀಟರ್ ಎತ್ತರ, 28 ಸೆಂಟಿಮೀಟರ್ ದಪ್ಪದವು. ಚಾವಣಿ ಹಾರಿತೆಂದರೆ ಇಂಥ ಗೋಡೆಯ ಮೇಲ್ತುದಿಯನ್ನು ಹಿಡಿಯುವವರಿಲ್ಲ. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ಸೂರತ್, ವಡೋದರಾ, ಅಹಮದಾಬಾದ್ ಮೂರೂ ಮೂರನೇ ವಲಯ, ಬೆಂಗಳೂರು ಎರಡನೆಯದು. ಸೂರತ್‌ನಲ್ಲಿ ಇಂಥ ಗೋಡೆ ನಿಲ್ಲಿಸುವವರು ಚಾವಣಿಯ ಜೋಡಣೆಯ ನಕ್ಷೆಗೆ ಬೆಂಗಳೂರಿನವರಿಗಿಂತ ಹೆಚ್ಚು ಹಣ, ಹೆಚ್ಚು ತಪಾಸಣೆ ಮೀಸಲಿಡಬೇಕು.

ಆದರೂ ನಮ್ಮ ಹೆದ್ದಾರಿ ಪಕ್ಕದಲ್ಲಿ ಎದ್ದಿರುವುದು ಬಹುಪಾಲು ಪಿಇಬಿ (ಪ್ರಿ-ಎಂಜಿನಿಯರ್ಡ್ ಬಿಲ್ಡಿಂಗ್) ಶೆಡ್ಡುಗಳು: ಕಾರ್ಖಾನೆಯಲ್ಲಿ ಕತ್ತರಿಸಿ ತಂದ ಉಕ್ಕಿನ ಚೌಕಟ್ಟಿಗೆ ಬೋಲ್ಟು, ಮೂರು ಮೀಟರ್ ಎತ್ತರದವರೆಗೆ ಕಾಂಕ್ರೀಟೋ ಇಟ್ಟಿಗೆಯೋ, ಅದರ ಮೇಲೆ ತಗಡಿನ ಶೀಟು. ಅಗ್ಗ ಎಂಬುದು ಒಂದು ಕಾರಣ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮಳೆ. ಪಿಇಬಿಯಲ್ಲಿ ಚಾವಣಿ ಮೊದಲು ಬರುತ್ತದೆ, ನೆಲವನ್ನು ಅದರ ನೆರಳಲ್ಲಿ ನಿಧಾನವಾಗಿ ನುಣುಪಾಗಿ ಹಾಕಬಹುದು. ಟಿಲ್ಟ್-ಅಪ್‌ನಲ್ಲಿ ನೆಲ ಬಯಲಿಗೆ ಬಿದ್ದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರತ್‌ನಲ್ಲಿ ಅದು ಆಗದ ಮಾತು, ಏಪ್ರಿಲ್ ಮೇ ಬಿಸಿಲಿಗೆ ಹಸಿ ಕಾಂಕ್ರೀಟು ಬಿರಿಯುತ್ತದೆ.

ಎತ್ತುವ ಸಾಮರ್ಥ್ಯ ಇಲ್ಲವೆಂಬ ನೆಪ ಈಗ ಸೂರತ್‌ನಲ್ಲಿ ನಡೆಯದು. ಅಹಮದಾಬಾದ್–ಮುಂಬೈ ಬುಲೆಟ್ ರೈಲಿಗಾಗಿ ದಾರಿಯುದ್ದಕ್ಕೂ ಎರಕದ ಅಂಗಳಗಳಾದವು. 40 ಮೀಟರ್ ಉದ್ದ, 970 ಟನ್ ತೂಕದ ತೊಲೆಯನ್ನು ನೆಲದ ಮೇಲೆ ಎರೆದು, ಇಡಿಯಾಗಿ ಎತ್ತಿ ಕಂಬದ ಮೇಲೆ ಕೂರಿಸಿದ್ದಾರೆ. ಅದರ ಮುಂದೆ 31 ಟನ್ ಯಾವ ಲೆಕ್ಕ?

ಹಾಗಾದರೆ ಈ ಗೋಡೆ ಸೂರತ್‌ಗೆ ಯಾಕೆ ಬೇಕು? ಸೆಕೆ ತಡೆಯಲು ಎನ್ನುವವರಿದ್ದಾರೆ. 100 ಮೀಟರ್ ಅಗಲ, 200 ಮೀಟರ್ ಉದ್ದ, 12 ಮೀಟರ್ ಎತ್ತರದ ಗೋದಾಮಿನಲ್ಲಿ ಗೋಡೆಯೆಲ್ಲ ಸೇರಿ 7,200 ಚದರ ಮೀಟರ್, ಚಾವಣಿ 20,000. ಸೆಕೆ ಇಳಿಯುವುದು ಮೇಲಿನಿಂದ, ಅದಕ್ಕೆ ಮದ್ದು ಚಾವಣಿಯಲ್ಲೇ ಮಾಡಬೇಕು. ಗೋಡೆ ಬೇಕಿರುವುದು ಬೆಂಕಿಗಾಗಿ. 2019ರ ಮೇ 24ರಂದು ವರಾಛಾಕ್ಕೆ ತಾಗಿದ ಸರಥಾಣಾದಲ್ಲಿ ತಕ್ಷಶಿಲಾ ಆರ್ಕೇಡ್ ಹೊತ್ತಿ, ಕೋಚಿಂಗ್ ತರಗತಿಯಲ್ಲಿದ್ದ 22 ಎಳೆಯರು ಸತ್ತರು. 2025ರ ಫೆಬ್ರವರಿಯಲ್ಲಿ ರಿಂಗ್ ರೋಡಿನ ಶಿವಶಕ್ತಿ ಜವಳಿ ಮಾರುಕಟ್ಟೆಯ ನೂರಾರು ಅಂಗಡಿಗಳು ಸುಟ್ಟವು. ಪಾಲಿಯೆಸ್ಟರ್ ಪೇರಿಸಿಟ್ಟ ಊರು ಇದು. ತಗಡಿನ ಶೀಟು ಬೆಂಕಿಯನ್ನು ತಡೆಯುವುದಿಲ್ಲ, ಕಾದ ಉಕ್ಕಿನ ಚೌಕಟ್ಟು ಮೆತ್ತಗಾಗಿ ಬಗ್ಗುತ್ತದೆ. ಸರಿಯಾಗಿ ಲೆಕ್ಕ ಹಾಕಿ ಎರೆದ ಕಾಂಕ್ರೀಟ್ ಗೋಡೆ ಗಂಟೆಗಟ್ಟಲೆ ನಿಲ್ಲುತ್ತದೆ.

ಆದ್ದರಿಂದ ಹೊರಗೋಡೆಯ ಚರ್ಚೆ ಆಮೇಲಿರಲಿ. ಮಳೆ ಮುಗಿದ ಅಕ್ಟೋಬರ್‌ನಲ್ಲಿ, ಪಿಇಬಿಯ ಚಾವಣಿ ಏರುವ ಮೊದಲು, ಗೋದಾಮನ್ನು ಎರಡು ಮೂರು ಭಾಗವಾಗಿ ಸೀಳುವ ಅಡ್ಡಗೋಡೆಯನ್ನು ಬೇರೆಯದೇ ಹಾಸಿನ ಮೇಲೆ ಎರೆದು ನಿಲ್ಲಿಸಬಹುದು. ಒಂದು ಬದಿಯ ಉಕ್ಕು ಬಗ್ಗಿ ಬಿದ್ದರೂ ಗೋಡೆಯನ್ನು ಜೊತೆಗೆಳೆಯದಂತೆ ಜೋಡಣೆ ಇರಬೇಕು. ಚಾವಣಿಗಿಂತ ಒಂದಿಷ್ಟು ಮೇಲಕ್ಕೆ ಅದು ಚಾಚಿರಬೇಕು. ಅದರಲ್ಲಿನ ಬಾಗಿಲು ಬೆಂಕಿ ತಗುಲಿದಾಗ ತಾನಾಗಿ ಮುಚ್ಚಿಕೊಳ್ಳಬೇಕು, ಆ ಬಾಗಿಲ ಹಳಿಯ ಮುಂದೆ ಹಬ್ಬದ ಸೀಸನ್ನಿನಲ್ಲೂ ಒಂದೇ ಒಂದು ಮೂಟೆ ಇಡಕೂಡದು.